ಮೊದಲ ಕಂತು ಬಂದಾಗಲೇ ಹುಷಾರಾಗಬೇಕು
ಹೂಡಿಕೆ ಹೆಸರಿನ ಮೋಸದ ಬಗ್ಗೆ ನಿಮ್ಮ ಲೇಖನದಲ್ಲಿ 'ದುರಾಸೆಯವರೇ ಮೋಸ ಹೋಗುತ್ತಾರೆ' ಅಂತ ಬರೆದಿದ್ದೀರಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ತುಂಬಾ ಲೆಕ್ಕಾಚಾರದ ಮನುಷ್ಯ. ಹೂಡಿಕೆಯ ಆ್ಯಪ್ ಒಂದರಲ್ಲಿ ಸಣ್ಣ ಮೊತ್ತ ಹಾಕಿ ನೋಡಿದರು, ಹೇಳಿದ ದಿನಕ್ಕೆ ಸರಿಯಾಗಿ ಲಾಭ ಬಂತು, ಮತ್ತೆ ಹಾಕಿದರು, ಮತ್ತೂ ಬಂತು. ಆಮೇಲೆ ಉಳಿತಾಯವನ್ನೆಲ್ಲಾ ಸುರಿದರು. ಆ್ಯಪ್‌ನಲ್ಲಿ ಹಣ ದಿನಾ ಬೆಳೀತಾ ಇತ್ತು, ಊಟದ ಹೊತ್ತಿನಲ್ಲಿ ನಮಗೂ ತೋರಿಸುತ್ತಿದ್ದರು. ವಾಪಸ್ ತೆಗೆಯಲು ಹೋದಾಗ 'ಮೊದಲು ತೆರಿಗೆ ಕಟ್ಟಿ' ಅಂತ ಮೆಸೇಜ್! ನಮ್ಮದೇ ಹಣ ಕೊಡೋಕೆ ಇನ್ನಷ್ಟು ಹಣ ಕೇಳಿದರು ಅಂದರೆ ಅಲ್ಲಿಗೆ ಕಥೆ ಮುಗೀತು ಅಂತಲೇ ಅರ್ಥ. ಪಾಪ, ಅದನ್ನೂ ಕಟ್ಟಿದರು.

ಇದೇನು ಹೊಸದಲ್ಲ. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪೊಂಜಿ ಎಂಬಾತ 45 ದಿನಕ್ಕೆ ಶೇ. 50 ಲಾಭ ಅಂದ, ಹೊಸಬರ ಹಣವನ್ನೇ ಹಳಬರಿಗೆ ಕೊಟ್ಟ, ಕೆಲವೇ ತಿಂಗಳಲ್ಲಿ ಕುಸಿಯಿತು. ಇದೇ ಆಟ ಆಡಿ 2008ರಲ್ಲಿ ಸಿಕ್ಕಿಬಿದ್ದ ಅಮೆರಿಕದ ಹಣಕಾಸು ವ್ಯವಹಾರಸ್ಥ ಬರ್ನಿ ಮೇಡಾಫ್ ಇನ್ನೂ ಜಾಣ. ಅವನು ಜಾಸ್ತಿ ಆಸೆಯನ್ನೇ ತೋರಿಸಲಿಲ್ಲ, ಮಾರುಕಟ್ಟೆ ಏರಲಿ ಇಳಿಯಲಿ ಒಂದೇ ಸಮನೆ ಸಾಧಾರಣ ಲಾಭ ಬಂದಿದೆ ಅಂತ ಸುಳ್ಳು ಲೆಕ್ಕ ಬರೆದು ಕಳಿಸುತ್ತಿದ್ದ, ಬ್ಯಾಂಕಿನವರೂ ನಂಬಿದರು. ಹಾಗಾಗಿ ಬರೀ ದುರಾಸೆ ಅಂದರೆ ಹೇಗೆ?

ನಾನು ಸುಮ್ನೆ ಒಂದು ಲೆಕ್ಕ ಹಾಕುತ್ತೇನೆ. ತಿಂಗಳಿಗೆ ಶೇ. 10 ಲಾಭ ಅಂದರೆ, ಲಾಭವನ್ನೂ ಅಲ್ಲೇ ಬಿಟ್ಟರೆ ಹಾಕಿದ ಹಣ ವರ್ಷಕ್ಕೆ ಮೂರು ಪಟ್ಟಿಗಿಂತ ಹೆಚ್ಚು. ಅಷ್ಟು ದುಡಿಯೋ ದಾರಿ ಗೊತ್ತಿದ್ದವನು ಬ್ಯಾಂಕಿನಲ್ಲಿ ಸಾಲ ತಗೊಂಡು ತಾನೇ ಮಾಡ್ತಿದ್ದ, ಗುರುತಿಲ್ಲದ ನನಗೆ ಯಾಕೆ ಫೋನ್ ಮಾಡ್ತಾನೆ, ಅಲ್ವಾ?