ಎಎಸ್/400 ಬಿಡುವಾಗ ಕೆಡುವುದು ಮೊತ್ತದ ಕಾಲಂ
ಐಬಿಎಂನ ಹಳೆಯ ವ್ಯಾಪಾರಿ ಕಂಪ್ಯೂಟರ್ ಎಎಸ್/400ನಿಂದ ಲಿನಕ್ಸ್‌ಗೆ ಹೋಗಲು ಫೈಲುಗಳನ್ನು ಎಫ್‌ಟಿಪಿಯಲ್ಲಿ (ನೆಟ್‌ವರ್ಕ್ ಮೂಲಕ ಫೈಲು ಸಾಗಿಸುವ ವಿಧಾನ) ಎಳೆದುಕೊಂಡರೆ ಸಾಕು ಎಂದು ಈ ಬದಲಾವಣೆಯ ಬಗೆಗಿನ ಒಂದು ಲೇಖನ ಹೇಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಎಎಸ್/400ನಲ್ಲಿ ಮೊತ್ತಗಳು ಹೆಚ್ಚಾಗಿ ಪ್ಯಾಕ್ಡ್ ಡೆಸಿಮಲ್‌ನಲ್ಲಿರುತ್ತವೆ: ಒಂದು ಬೈಟಿಗೆ ಎರಡು ಅಂಕಿ, ಕೊನೆಯ ಅರ್ಧ ಬೈಟಿನಲ್ಲಿ ಧನ-ಋಣ ಚಿಹ್ನೆ. -12345 ಡಿಸ್ಕಿನಲ್ಲಿ ಹೆಕ್ಸ್ (16ರ ಆಧಾರದ ಬರಹ) 12 34 5ಡಿ; ಕೊನೆಯ ಡಿ ಋಣ ಚಿಹ್ನೆ. ಆ ಯಂತ್ರದ ಅಕ್ಷರ ಸಂಕೇತವಾದ ಇಬಿಸಿಡಿಕ್‌ನಲ್ಲಿ 5ಡಿ ಎಂದರೆ ಮುಚ್ಚುವ ಕಂಸ. ಎಲ್ಲ ಬೈಟುಗಳನ್ನೂ ಅಕ್ಷರಗಳೆಂದೇ ಪರಿವರ್ತಿಸುವ ಟೆಕ್ಸ್ಟ್ ಮೋಡಿನಲ್ಲಿ ಕಳಿಸಿದರೆ ಅದು ಲಿನಕ್ಸ್ ಬಳಸುವ ಆಸ್ಕಿ ಸಂಕೇತದ ಕಂಸ, ಅಂದರೆ 29 ಆಗುತ್ತದೆ. 5 ಹೋಗಿ 2 ಬಂತು, ಚಿಹ್ನೆಯ ಜಾಗದಲ್ಲಿ ಅರ್ಥವಿಲ್ಲದ 9 ಕೂತಿತು. ಹೆಸರು, ವಿಳಾಸ ಸರಿಯಾಗಿಯೇ ಕಾಣುತ್ತವೆ, ಸಾಲುಗಳ ಲೆಕ್ಕವೂ ಸಾಮಾನ್ಯವಾಗಿ ತಾಳೆಯಾಗುತ್ತದೆ. ಹಾಗಾಗಿಯೇ ಇದು ಅಪಾಯಕಾರಿ.

ಹಳೆಯ ಯಂತ್ರದಲ್ಲೇ ‘ಕಾಪಿ ಟು ಇಂಪೋರ್ಟ್ ಫೈಲ್’ ಕಮಾಂಡ್ ಕೊಟ್ಟು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲು) ಮಾಡಿ, ಆಮೇಲೆ ಸಾಗಿಸಿ. ಪ್ರತಿ ಸಂಖ್ಯಾ ಕಾಲಂನ ಒಟ್ಟು ಮೊತ್ತವನ್ನು ಎರಡೂ ಕಡೆ ತೆಗೆದು ಹೋಲಿಸಿ.

ಇನ್ನೊಂದು: ಇಬಿಸಿಡಿಕ್‌ನಲ್ಲಿ ಅಕ್ಷರಗಳ ನಂತರ ಅಂಕಿ, ಆಸ್ಕಿಯಲ್ಲಿ ಅಂಕಿಯೇ ಮೊದಲು. ‘ಎ10’, ‘910’ ಥರದ ಬಿಲ್ ಸಂಖ್ಯೆಗಳು ಬೆರೆತಿದ್ದರೆ ವಿಂಗಡಣೆ ಕ್ರಮ ತಲೆಕೆಳಗಾಗುತ್ತದೆ. ಆ ಕ್ರಮವನ್ನೇ ನಂಬಿ ಎರಡು ಫೈಲುಗಳನ್ನು ಹೊಂದಿಸುವ, ಕೋಬಾಲ್, ಆರ್‌ಪಿಜಿ ಭಾಷೆಗಳಲ್ಲಿ ಬರೆದ ಪ್ರೋಗ್ರಾಮುಗಳು ಎರರ್ ಕೊಡದೆಯೇ ದಾಖಲೆಗಳನ್ನು ಬಿಟ್ಟುಬಿಡಬಹುದು.