ಸೆಪ್ಟಿಕ್ ಟ್ಯಾಂಕ್ ಇದೆ ಸರಿ, ಅದರ ಪೈಪು ಎಲ್ಲಿಗೆ ಹೋಗಿದೆ?

ತೀರ್ಥಹಳ್ಳಿ ಕಡೆ ಇತ್ತೀಚೆಗೆ ಕಟ್ಟಿದ ಯಾವುದಾದರೂ ಮನೆಯ ಹಿತ್ತಲಿಗೆ ಸುಮ್ನೆ ಒಮ್ಮೆ ಹೋಗಿ ನೋಡಿ. ಸೆಪ್ಟಿಕ್ ಟ್ಯಾಂಕಿನ ಪಕ್ಕದಿಂದ ಒಂದು ಪಿವಿಸಿ ಪೈಪು ಹೊರಟಿರುತ್ತದೆ, ಅರ್ಧ ಮಣ್ಣೊಳಗೆ, ಅರ್ಧ ಮೇಲೆ. ಇನ್ನೊಂದು ತುದಿ ಹಳ್ಳದ ದರೆಯಲ್ಲಿ. ಅಲ್ಲಿ ಕಲ್ಲಿಗೆಲ್ಲ ಕಪ್ಪು ಲೋಳೆ ಹಿಡಿದಿರುತ್ತದೆ, ಸುತ್ತ ಕೆಸು ಮಾತ್ರ ಭರ್ಜರಿಯಾಗಿ ಬೆಳೆದಿರುತ್ತದೆ. ಹೋಂಸ್ಟೇ ಆದರೆ ಪೈಪು ಇನ್ನೂ ದಪ್ಪ.

ಪೈಪು ಹಾಕಿದವರನ್ನು ಬೈದು ಪ್ರಯೋಜನ ಇಲ್ಲ. ಜೂನ್ ಕಳೆದ ಮೇಲೆ ಇಲ್ಲಿನ ನೆಲವೇ ನೀರು ಕುಡಿದು ತುಂಬಿರುತ್ತದೆ. ಇಂಗುಗುಂಡಿ ತೋಡಿದರೆ ಅದರೊಳಗೇ ಜಲ ಏಳುತ್ತದೆ, ಇನ್ನು ಟ್ಯಾಂಕಿನ ನೀರು ಇಂಗುವುದು ಎಲ್ಲಿಗೆ? ಮೇಸ್ತ್ರಿಯೇ ಹೇಳುತ್ತಾನೆ, 'ಒಂದು ಪೈಪು ಹಳ್ಳಕ್ಕೆ ಬಿಟ್ಬಿಡಿ ಸಾರ್' ಅಂತ.

ಆದರೆ ಸೆಪ್ಟಿಕ್ ಟ್ಯಾಂಕ್ ಅಂದರೆ ನೀರು ಶುದ್ಧ ಮಾಡೋ ಯಂತ್ರ ಅಲ್ಲ. ಗಟ್ಟಿ ಕೊಳೆ ತಳಕ್ಕೆ ಕೂರುತ್ತದೆ, ಅಷ್ಟೇ. ಹೊರಗೆ ಬರುವ ನೀರಲ್ಲಿ ಕೊಳೆ ಅರ್ಧದಷ್ಟಾದರೂ ಉಳಿದಿರುತ್ತದೆ, ರೋಗಾಣುಗಳಂತೂ ಕೋಟಿಗಟ್ಟಲೆ. ಕೊಳೆ ಅಳೆಯಲು ಬಿಒಡಿ ಅಂತ ಒಂದು ಲೆಕ್ಕ ಇದೆ, ಅಂದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ನೀರಿನಿಂದ ಎಷ್ಟು ಆಮ್ಲಜನಕ ಹೀರುತ್ತವೆ ಅನ್ನೋದು. ಸ್ನಾನ ಮಾಡುವ ಹೊಳೆ ನೀರಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಟ್ಯಾಂಕಿನಿಂದ ಹೊರಬೀಳುವ ನೀರಲ್ಲಿ ಸಾಮಾನ್ಯವಾಗಿ 100ಕ್ಕಿಂತ ಜಾಸ್ತಿ!

ಮೊದಲು ಇಷ್ಟು ನೀರೇ ಇರಲಿಲ್ಲ ಬಿಡಿ. ಬಾವಿಯಿಂದ ಸೇದಿ ತಂದ ನೀರು, ಬಚ್ಚಲಿಂದ ಬಾಳೆ ಬುಡಕ್ಕೆ ಹೋಗಿ ಅಲ್ಲೇ ಮುಗಿಯುತ್ತಿತ್ತು. ಈಗ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ನಲ್ಲಿ ಬಂದದ್ದು ಒಳ್ಳೆಯದೇ, ಆದರೆ ಅದರಲ್ಲಿ ಸುಮಾರು 44 ಲೀಟರ್ ಕೊಳೆಯಾಗಿ ಹೊರಗೆ ಬರುತ್ತದಲ್ವಾ? ಸಾವಿರ ಜನರ ಊರಾದರೆ ದಿನಕ್ಕೆ 44 ಸಾವಿರ ಲೀಟರ್. ಹಳ್ಳದಿಂದ ತುಂಗೆಗೆ, ಅಲ್ಲಿಂದ ಮಂಡಗದ್ದೆ, ಗಾಜನೂರು, ಶಿವಮೊಗ್ಗ. ಕೂಡಲಿ ದಾಟಿದರೆ ಹೊನ್ನಾಳಿ, ಹರಿಹರ. ಅವರೆಲ್ಲ ಕುಡಿಯುವುದು ಇದೇ ಹೊಳೆ ನೀರು. ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಗುತ್ತದೆ, ಯಾರಿಗೂ ಗೊತ್ತಾಗಲ್ಲ. ಏಪ್ರಿಲ್ ಹೊತ್ತಿಗೆ ಹೊಳೆಯಲ್ಲಿ ಬಂಡೆ ಎದ್ದು ಕಾಣುವಾಗಲೂ ನಮ್ಮ ಪೈಪಿನ ನೀರು ಮಾತ್ರ ಒಂದು ಲೋಟವೂ ಕಮ್ಮಿ ಆಗಿರಲ್ಲ.

ಈ ಮಾತು ತೆಗೆದರೆ ಸಾಕು, ಯುಜಿಡಿ (ನೆಲದಡಿಯ ಒಳಚರಂಡಿ) ಬರಲಿ, ದೊಡ್ಡ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟು) ಬರಲಿ ಅಂತಾರೆ. ಗುಡ್ಡಕ್ಕೊಂದು ಮನೆ ಇರೋ ಊರಿಗೆ ಪೈಪ್‌ಲೈನ್ ಎಳೆಯುವುದರಲ್ಲೇ ದುಡ್ಡು ಮುಗಿಯುತ್ತದೆ. ಮೇಲಾಗಿ ಗಾಳಿ ಊದಿ ನಡೆಸುವ ಪ್ಲಾಂಟಿಗೆ ಕರೆಂಟು ಹೋಗಬಾರದು, ಗಾಳಿ ನಿಂತರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ. ಆಷಾಢದಲ್ಲಿ ಮರ ಬಿದ್ದು ಲೈನು ಹೋದರೆ ನಮಗೆ ಯಾವತ್ತು ಕರೆಂಟು ಬರುತ್ತದೆ ಅಂತ ಎಲ್ಲರಿಗೂ ಗೊತ್ತು.

ನಮಗೆ ಬೇಕಾದ್ದು ಸಣ್ಣದು, ಕೇರಿಗೊಂದು. ಇಳಿಜಾರು ನಮ್ಮಲ್ಲಿ ಪುಕ್ಕಟೆ. ಮೊದಲು ತಿಳಿಯಾಗುವ ತೊಟ್ಟಿ, ಆಮೇಲೆ ಅಡ್ಡಗೋಡೆಗಳಿರುವ ಮುಚ್ಚಿದ ಕೋಣೆಗಳು, ಅದಾದ ಮೇಲೆ ಜಲ್ಲಿ ತುಂಬಿ ಕಾಬಾಳೆ, ಜೊಂಡು ನೆಟ್ಟ ಪಾತಿ. ನೀರು ತಾನೇ ಇಳಿದುಕೊಂಡು ಹೋಗುತ್ತದೆ, ಮೋಟಾರು ಬೇಡ. ಡೀವ್ಯಾಟ್ಸ್ ಅಂತ ಕರೆಯುವ ಈ ಪದ್ಧತಿ ಹೊಸದೇನಲ್ಲ. ಒಂದೇ ಷರತ್ತು, ಸೂರಿನ ನೀರು, ಚರಂಡಿಯ ಮಳೆ ನೀರು ಅದಕ್ಕೆ ಸೇರಲೇಬಾರದು. ಸೇರಿದರೆ ಮೊದಲ ದೊಡ್ಡ ಮಳೆಗೇ ತೊಟ್ಟಿಯಲ್ಲಿ ಕೂತದ್ದೆಲ್ಲ ಎದ್ದು ಹಳ್ಳಕ್ಕೆ.

ಟ್ಯಾಂಕಿನ ತಳದ ಹೂಳು ಬೇರೆ ಇದೆ. ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು. ತೆಗೆಸುವವರೇ ಕಮ್ಮಿ, ತೆಗೆಸಿದರೂ ಸಕ್ಕಿಂಗ್ ಗಾಡಿ ಅದನ್ನು ಎಲ್ಲಿ ಸುರಿಯಿತು ಅಂತ ಯಾರೂ ಕೇಳಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಇದಕ್ಕೆ ಅಂತಲೇ ಘಟಕ ಶುರುವಾಯಿತು, ಹೂಳು ಅಲ್ಲಿ ಗೊಬ್ಬರವಾಗುತ್ತದೆ. ತಾಲ್ಲೂಕಿಗೊಂದು ಅಂಥದ್ದು ಮಾಡೋಕೆ ಏನು ಅಡ್ಡಿ?

ಕಟ್ಟೋಕೆ ಹೇಗೋ ದುಡ್ಡು ಬರುತ್ತದೆ, ಸಿಮೆಂಟು ಅಂದರೆ ಟೆಂಡರ್ ಹಾಕೋಕೆ ಜನ ರೆಡಿ. ಆಮೇಲೆ ಜಲ್ಲಿ ಕಟ್ಟಿಕೊಂಡಾಗ ತೊಳೆಸೋಕೆ, ಜೊಂಡು ಕಡಿಸೋಕೆ, ಒಬ್ಬರಿಗೆ ಸಂಬಳ ಕೊಡೋಕೆ ಮಾತ್ರ ಯಾವ ಬಜೆಟ್ಟಿನಲ್ಲೂ ಒಂದು ಸಾಲು ಇರಲ್ಲ. ಮನೆಗೆ ತಿಂಗಳಿಗೆ ಐವತ್ತು ರೂಪಾಯಿ ಎತ್ತೋಣ, ಹೋಂಸ್ಟೇಗಳಿಗೆ ರೂಮಿನ ಲೆಕ್ಕದಲ್ಲಿ ಹಾಕೋಣ ಅನ್ನೋದು ನನ್ನ ಮಾತು. ಪೈಪು ಎಲ್ಲಿಗೆ ಬಿಟ್ಟಿದ್ದೀರಿ ಅಂತ ತೋರಿಸದೆ ಹೋಂಸ್ಟೇಗೆ ಪಂಚಾಯಿತಿ ಲೈಸೆನ್ಸ್ ಕೊಡಬಾರದು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತುತ್ತೇನೆ. 'ನಮ್ಮ ಹಿತ್ತಲ ಹತ್ರ ಮಾತ್ರ ಬೇಡ' ಅನ್ನುವವರೂ ಬನ್ನಿ, ಜಾಗ ಎಲ್ಲಿ ಅಂತ ಅಲ್ಲೇ ಜಗಳ ಆಡೋಣ.