ಕೊಡಚಾದ್ರಿ ಹತ್ತಿದವರ ಮಾನಸ ಸರೋವರ

"ನಾವು ಮಲೆನಾಡಿನವರು ಮಾರಾಯ್ರೆ, ಬೆಟ್ಟ ನಮಗೇನು ಹೊಸದಾ?" ಮಾನಸ ಸರೋವರಕ್ಕೆ ಹೊರಟವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೊಡಚಾದ್ರಿ 1,343 ಮೀಟರ್. ರಾಜ್ಯಕ್ಕೇ ಎತ್ತರದ ಮುಳ್ಳಯ್ಯನಗಿರಿಯೂ 2,000 ದಾಟೋದಿಲ್ಲ. ಸರೋವರದ ದಡವೇ ಸುಮಾರು 4,590! ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ 60ರಷ್ಟೇ. ಕಾಲಿನ ಕಸುವು ಅದನ್ನು ತುಂಬಿಕೊಡೋದಿಲ್ಲ.

ದೇಹ ಎತ್ತರಕ್ಕೆ ಒಗ್ಗಿಕೊಳ್ಳಬೇಕಾದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಬೇಕು. ಅಗ್ಗದ ಪ್ಯಾಕೇಜಿನಲ್ಲಿ ಮೊದಲು ಕತ್ತರಿ ಬೀಳೋದೇ ಈ ದಿನಗಳಿಗೆ. ಇವರಿಗೋ ದುಡ್ಡು ಉಳಿಯಿತಲ್ಲ ಅನ್ನೋ ಖುಷಿ.

ಎತ್ತರದ ಕಾಯಿಲೆಯ ಮೊದಲ ಸೂಚನೆಯಾದ ತಲೆಸಿಡಿತ, ವಾಕರಿಕೆ ಬಂದರೆ "ಗ್ಯಾಸ್ಟ್ರಿಕ್" ಅಂತ ಮುಚ್ಚಿಡುತ್ತಾರೆ. ಕೂತಲ್ಲೇ ಏದುಸಿರು, ನೊರೆ ಕಫದ ಕೆಮ್ಮು, ನಡೆಯುವಾಗ ತೂರಾಟ ಕಂಡರೆ ರಾತ್ರಿಯಾದರೂ ಸರಿ, ಕೆಳಗಿಳಿಸಲೇಬೇಕು. ಆಮ್ಲಜನಕದ ಸಿಲಿಂಡರ್ ಅನ್ನೋದು ಕೆಳಗಿಳಿಯುವ ತನಕದ ಆಸರೆ ಅಷ್ಟೆ.

ಈ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ಸಾಮಾನ್ಯವಾಗಿ 125 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಹೋಗಿ ಬಂದವರು ಉಳಿಸಿಕೊಟ್ಟ ಮಾತ್ರೆ ನುಂಗೋದಲ್ಲ. ಕೈಲಾಸ ಪರಿಕ್ರಮದಲ್ಲಿ 5,630 ಮೀಟರಿನ ಡೋಲ್ಮಾ ಲಾ ಕಣಿವೆದಾರಿ ಇನ್ನೂ ಮುಂದಿದೆ ಮಾರಾಯ್ರೆ!